ರೋಮಿನ ಗಾರೆ, ನಮ್ಮೂರ ಗೋಡೆ

ಬೇವೂರಿನ ಕಡೆಯ ಹಳೆಯ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಲ್ಲು ಮಣ್ಣು ಸೇರಿಸಿ ಕಟ್ಟಿದ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ಒಳಗೆ ಹೊರಗೆ ಸುಣ್ಣದ ಗಿಲಾವು. ಅಜ್ಜನ ಕಾಲದಲ್ಲಿ ಕಟ್ಟಿದ್ದು, ಇಂದಿಗೂ ನೆಟ್ಟಗೆ ನಿಂತಿದೆ. ಆದರೆ ಪಡಸಾಲೆಯ ಗೋಡೆ ಬುಡದಿಂದ ಮೊಳದೆತ್ತರದವರೆಗೆ ತೇವ ಹೀರಿ, ಉಪ್ಪು ಬಿಟ್ಟು, ಪುಡಿಪುಡಿಯಾಗಿ ಉದುರುತ್ತಿದೆ. ಮನೆಯವರು ಗೌಂಡಿಯನ್ನು ಕರೆಸುತ್ತಾರೆ. ಅವನು ಗೋಡೆಯನ್ನು ಬೆರಳಿನಿಂದ ಕೆರೆದು ನೋಡಿ, "ಎರಡು ಚೀಲ ಸಿಮೆಂಟು ತರಸ್ರೀ ಯಜಮಾನ್ರ, ಒಂದ ದಿನದಾಗ ಮೆತ್ತಿ ಕೊಡ್ತೀನಿ" ಎನ್ನುತ್ತಾನೆ. ಕೆಲಸ ಮುಗಿಯುತ್ತದೆ, ಗೋಡೆ ಕನ್ನಡಿಯಂತೆ ನುಣುಪಾಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಸಿಮೆಂಟಿನ ಮೆತ್ತಿಗೆ ಹಲಗೆಯಂತೆ ಸಡಿಲಾಗಿ, ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮೊಳದೆತ್ತರದಲ್ಲಿದ್ದ ತೇವ ಈಗ ಎದೆಯೆತ್ತರಕ್ಕೆ ಏರಿರುತ್ತದೆ.

ಗಟ್ಟಿಯಾದ ವಸ್ತುವನ್ನು ಹಚ್ಚಿದರೂ ಗೋಡೆ ಹೀಗೇಕೆ ಕೆಟ್ಟಿತು? ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಕಟ್ಟಡದಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಇರುವ ಬೆಸುಗೆಯ ವಿಷಯವನ್ನು ಸ್ವಲ್ಪ ವಿಚಾರ ಮಾಡಬೇಕು. ಆ ವಿಚಾರ ನಮ್ಮನ್ನು ಎರಡು ಸಾವಿರ ವರ್ಷ ಹಿಂದಿನ ರೋಮ್ ನಗರಕ್ಕೆ ಒಯ್ದು, ಅಲ್ಲಿಂದ ನಮ್ಮದೇ ಜಿಲ್ಲೆಯ ಮುನಿರಾಬಾದಿಗೆ ಮರಳಿ ತರುತ್ತದೆ.

ಬೆಸುಗೆಯೇ ಇಲ್ಲದೆ ಕಟ್ಟುವುದೂ ಒಂದು ವಿದ್ಯೆ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ನೀವು ನೋಡಿರಬಹುದು. ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಅಲ್ಲಿ ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ಕುಳಿತಿದೆ, ಸಂದಿಯಲ್ಲಿ ಗಾರೆಯಿಲ್ಲ. ಆದರೆ ಅಂಥ ಕೆಲಸಕ್ಕೆ ಒಂದೊಂದು ಕಲ್ಲನ್ನೂ ಕೂದಲೆಳೆಯ ಅಂತರ ಉಳಿಯದಂತೆ ಕಡೆಯಬಲ್ಲ ಶಿಲ್ಪಿಗಳು ಬೇಕು, ಅವರನ್ನು ವರ್ಷಗಟ್ಟಲೆ ಸಾಕಬಲ್ಲ ದಣಿಗಳು ಬೇಕು. ಕೈಗೆ ಸಿಕ್ಕ ಅಂಕುಡೊಂಕು ಕಲ್ಲುಗಳಿಂದ ಸಾಧಾರಣ ಜನ ಕಟ್ಟಬೇಕಾದರೆ ನಡುವೆ ಒಂದು ಬೆಸುಗೆ ಬೇಕೇ ಬೇಕು. ಆ ಬೆಸುಗೆಗಳಲ್ಲಿ ಹಿರಿಯದು ಮಣ್ಣು. ಅದರ ಮುಂದಿನದು ಸುಣ್ಣ.

ಸುಣ್ಣದ ಗುಣವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಎಲೆಯಡಿಕೆ ತಟ್ಟೆಯಲ್ಲಿರುವ ಸುಣ್ಣದ ಕಾಯಿಯನ್ನೇ ನೋಡಿ. ಮುಚ್ಚಳ ಭದ್ರವಾಗಿದ್ದರೆ ಸುಣ್ಣ ತಿಂಗಳುಗಟ್ಟಲೆ ಬೆಣ್ಣೆಯಂತಿರುತ್ತದೆ. ಮುಚ್ಚಳ ತೆರೆದಿಟ್ಟರೆ ಮೇಲ್ಭಾಗ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಬರಿದೆ ಒಣಗಿದ್ದರಿಂದ ಆದ ಗಟ್ಟಿಯಲ್ಲ ಅದು. ಒಣಗಿದ್ದು ಮಾತ್ರವಾಗಿದ್ದರೆ ನೀರು ಹಾಕಿದೊಡನೆ ಮತ್ತೆ ಬೆಣ್ಣೆಯಾಗಬೇಕಾಗಿತ್ತು. ನಡೆದದ್ದು ಬೇರೆಯೇ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ಶುದ್ಧವಾದ ನೂರು ಸೇರು ಕಲ್ಲು ಸುಟ್ಟರೆ ಉಳಿಯುವ ಸುಣ್ಣ ಐವತ್ತಾರೇ ಸೇರು; ಮಿಕ್ಕ ನಲವತ್ತನಾಲ್ಕು ಗಾಳಿಯ ಪಾಲು. ಈ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕುದಿದು, ಹಬೆಯಾಡಿ, ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಹಿಂದೆ ಕಳೆದುಕೊಂಡ ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣ ಕಲ್ಲಾಗುವ ಚಕ್ರ ಇದು.

ಈ ಚಕ್ರದಲ್ಲಿ ಒಂದು ತೊಡಕುಂಟು. ಗಟ್ಟಿಯಾಗಲು ಗಾಳಿ ಬೇಕು. ಗಾಳಿ ಸುಲಭವಾಗಿ ಹೋಗದ ದಪ್ಪ ಗೋಡೆಯ ಹೊಟ್ಟೆಯಲ್ಲಿ ಸುಣ್ಣ ಬಹುಕಾಲ ಮೆತ್ತಗೇ ಉಳಿಯುತ್ತದೆ. ನೀರಿನ ಅಡಿಯಲ್ಲಂತೂ ಗಟ್ಟಿಯಾಗುವುದೇ ಇಲ್ಲ. ಹಾಗಾದರೆ ಸೇತುವೆ, ಬಂದರು, ಅಣೆಕಟ್ಟುಗಳನ್ನು ಕಟ್ಟುವ ಬಗೆ ಹೇಗೆ?

ಈ ತೊಡಕನ್ನು ರೋಮನರು ಬಿಡಿಸಿದ ರೀತಿ ಸರಳವಾದದ್ದು. ಇಟಲಿಯ ನೇಪಲ್ಸ್ ಕೊಲ್ಲಿಯ ಬಳಿ ಪೊಜ್ಜುವೊಲಿ ಎಂಬ ಊರಿದೆ. ಅದರ ಸುತ್ತ ಜ್ವಾಲಾಮುಖಿಗಳು ಉಗುಳಿದ ಬೂದಿ ರಾಶಿರಾಶಿಯಾಗಿ ಬಿದ್ದಿದೆ. ಈ ಬೂದಿಯನ್ನು ಸುಣ್ಣದೊಡನೆ ಬೆರೆಸಿದರೆ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಊರಿನ ಹೆಸರಿನಿಂದ ಆ ಬೂದಿಗೆ ಪೊಜ್ಜೊಲಾನಾ ಎಂಬ ಹೆಸರು ನಿಂತಿತು. ಭೂಮಿಯ ಹೊಟ್ಟೆಯಲ್ಲಿ ಬೆಂದ ಆ ಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾಗಳು ಸುಣ್ಣದೊಡನೆ ಕೂಡಲು ಸಿದ್ಧವಾಗಿರುತ್ತವೆ. ನೀರು ಸೇರಿದೊಡನೆ ಇವೆರಡೂ ಕೂಡಿ ನೀರಿನಲ್ಲಿ ಕರಗದ ಹೊಸ ಅಂಟೊಂದು ಹುಟ್ಟುತ್ತದೆ. ಅದಕ್ಕೆ ಗಾಳಿಯ ಹಂಗಿಲ್ಲ. ಈ ಗಾರೆಯಲ್ಲಿ ಕಲ್ಲುಚೂರು, ಇಟ್ಟಿಗೆಚೂರುಗಳನ್ನು ಹುದುಗಿಸಿ ಕಟ್ಟಿದ್ದೇ ರೋಮನ್ ಕಾಂಕ್ರೀಟು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಕೊನೆಗೆ ಪ್ಯಾಲೆಸ್ಟೈನಿನ ಕರಾವಳಿಯಲ್ಲಿ ಹೆರೋದ್ ರಾಜನು ಸಿಸೇರಿಯಾ ಬಂದರನ್ನು ಕಟ್ಟಿಸಿದಾಗ ಈ ಬೂದಿಯನ್ನು ನೇಪಲ್ಸಿನಿಂದ ಹಡಗಿನಲ್ಲಿ ತರಿಸಲಾಯಿತು ಎಂದರೆ ಅದಕ್ಕಿದ್ದ ಬೆಲೆಯನ್ನು ನೀವೇ ಊಹಿಸಬಹುದು.

ರೋಮ್ ನಗರದ ಪ್ಯಾಂಥಿಯನ್ ದೇಗುಲ ಈ ವಿದ್ಯೆಯ ಶಿಖರ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಎರಡನೆಯ ಶತಮಾನದ ಮೊದಲ ಭಾಗದಲ್ಲಿ, ಅದರ ಗುಮ್ಮಟ ಮುಗಿಯಿತು. ಅಡ್ಡಳತೆ 43 ಮೀಟರಿಗೂ ಮಿಗಿಲು, ಎಂದರೆ ನೂರ ನಲವತ್ತು ಅಡಿಗಿಂತ ಹೆಚ್ಚು. ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ. ಉಕ್ಕಿನ ಆಧಾರವಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಅದೇ ಜಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಕಟ್ಟಿದವರ ಜಾಣತನ ನೋಡಿ: ಬುಡದಲ್ಲಿ ಭಾರವಾದ ಕಲ್ಲುಚೂರು ಹಾಕಿ, ಮೇಲೆ ಹೋದಂತೆ ಹಗುರವಾದದ್ದನ್ನು ಬಳಸಿ, ನೆತ್ತಿಯಲ್ಲಿ ನೀರಿನ ಮೇಲೆ ತೇಲುವಷ್ಟು ಹಗುರವಾದ ಜ್ವಾಲಾಮುಖಿಯ ನೊರೆಗಲ್ಲನ್ನು ಸೇರಿಸಿದ್ದಾರೆ. ನಟ್ಟನಡುವೆ ಬೆಳಕಿಂಡಿ ಬಿಟ್ಟು ಅಲ್ಲಿಯ ಭಾರವನ್ನೇ ಇಲ್ಲವಾಗಿಸಿದ್ದಾರೆ.

ಇದು ಇಷ್ಟು ಕಾಲ ಬಾಳಿದ್ದೇಕೆ? ಮೊದಲನೆಯ ಕಾರಣ, ಒಳಗೆ ಕಬ್ಬಿಣವಿಲ್ಲದಿರುವುದು. ನಮ್ಮ ಕಾಲದ ಕಾಂಕ್ರೀಟಿನ ಛಾವಣಿಗೆ ಉಕ್ಕಿನ ಸರಳು ಬೆನ್ನೆಲುಬು. ಅದೇ ಅದರ ರೋಗವೂ ಹೌದು. ಬಿರುಕಿನಿಂದ ನೀರು ಗಾಳಿ ಇಳಿದು ಸರಳು ತುಕ್ಕು ಹಿಡಿದರೆ, ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಮೇಲಿನ ಕಾಂಕ್ರೀಟು ಸಿಡಿದು ಉದುರುತ್ತದೆ. ಹಳೆಯ ಕಟ್ಟಡಗಳ ಛಾವಣಿಯಲ್ಲಿ ಪಕ್ಕೆಲುಬಿನಂತೆ ಸರಳು ಕಾಣುವುದನ್ನು ನೀವು ನೋಡಿಯೇ ಇರುತ್ತೀರಿ.

ಎರಡನೆಯ ಕಾರಣ, ಕಟ್ಟಡದ ಆಕಾರ. ಸರಳಿಲ್ಲದ ಕಾಂಕ್ರೀಟು ಭಾರವನ್ನು ಹೊರಬಲ್ಲದು, ಎಳೆತವನ್ನು ತಾಳಲಾರದು. ಆದುದರಿಂದ ರೋಮನರು ಚಪ್ಪಟೆ ಛಾವಣಿಯ ಗೋಜಿಗೆ ಹೋಗದೆ ಕಮಾನು, ಗುಮ್ಮಟಗಳನ್ನೇ ಕಟ್ಟಿದರು. ಅವುಗಳಲ್ಲಿ ಎಲ್ಲ ಭಾರವೂ ಒತ್ತಾಗಿಯೇ ನೆಲಕ್ಕೆ ಇಳಿಯುತ್ತದೆ.

ಮೂರನೆಯ ಕಾರಣ ಈಚೆಗೆ ಬೆಳಕಿಗೆ ಬಂದದ್ದು. ಕಡಲ ನೀರಿನಲ್ಲಿ ನಿಂತ ರೋಮನ್ ಕಟ್ಟೆಗಳ ತುಣುಕುಗಳನ್ನು ಪರೀಕ್ಷಿಸಿದ ಮೇರಿ ಜಾಕ್ಸನ್ ಮತ್ತು ಸಂಗಡಿಗರು 2017ರಲ್ಲಿ ಒಂದು ಸೋಜಿಗವನ್ನು ವಿವರಿಸಿದರು. ಉಪ್ಪುನೀರು ಗಾರೆಯೊಳಗೆ ಇಂಗಿದಾಗ ಅದು ಬೂದಿಯೊಡನೆ ಕೂಡಿ ಹೊಸ ಹರಳುಗಳನ್ನು ಬೆಳೆಸುತ್ತದೆ. ಆ ಹರಳುಗಳು ಸಂದುಗಳನ್ನು ಹೆಣೆದು ಬಿಗಿಮಾಡುತ್ತವೆ. ಮುಂದೆ 2023ರಲ್ಲಿ ಅಮೆರಿಕೆಯ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಅದ್ಮೀರ್ ಮಾಸಿಚ್ ಅವರ ತಂಡ ಇನ್ನೊಂದು ಗುಟ್ಟನ್ನು ಬಿಡಿಸಿತು. ರೋಮನ್ ಗಾರೆಯನ್ನು ಕತ್ತರಿಸಿ ನೋಡಿದರೆ ಅಲ್ಲಲ್ಲಿ ಬಿಳಿಯ ಸುಣ್ಣದ ಹರಳುಗಳು ಕಾಣುತ್ತವೆ. ಸರಿಯಾಗಿ ಕಲಸದ ಕಳಪೆ ಕೆಲಸ ಎಂದು ಬಹುಕಾಲ ಇದನ್ನು ತಳ್ಳಿಹಾಕಲಾಗಿತ್ತು. ಸುಟ್ಟ ಸುಣ್ಣವನ್ನು ಅರಳಿಸದೆ ಬಿಸಿಬಿಸಿಯಾಗಿಯೇ ಬೆರೆಸಿದ್ದರಿಂದ ಈ ಹರಳುಗಳು ಉಳಿದವೆಂದು ತಂಡ ತೋರಿಸಿತು. ಗೋಡೆ ಬಿರಿದರೆ ಬಿರುಕು ಹರಳನ್ನು ಹಾದುಹೋಗುತ್ತದೆ. ಮಳೆಯ ನೀರು ಇಳಿದಾಗ ಹರಳಿನ ಸುಣ್ಣ ಕರಗಿ, ಹರಿದು, ಬಿರುಕಿನಲ್ಲಿ ಮತ್ತೆ ಕಲ್ಲಾಗಿ ಕೂಡುತ್ತದೆ. ಇದೇ ರೀತಿ ಮಾಡಿದ ಅಚ್ಚುಗಳನ್ನು ಬಿರಿಸಿ ನೀರು ಹರಿಸಿ ನೋಡಿದಾಗ ಎರಡು ವಾರಗಳಲ್ಲಿ ಬಿರುಕು ಮುಚ್ಚಿ ನೀರು ನಿಂತಿತು. ಗಾಯ ತಾನೇ ಮಾಯ್ದಂತೆ ಎನ್ನಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ರೋಮನರು ಕಟ್ಟಿದ್ದೆಲ್ಲವೂ ಉಳಿದಿಲ್ಲ. ಬಾಡಿಗೆಗೆಂದು ಆತುರದಿಂದ ಎಬ್ಬಿಸಿದ ಅವರ ಮಹಡಿಮನೆಗಳು ಕುಸಿಯುತ್ತಿದ್ದುವೆಂಬ ದೂರು ಅಂದಿನ ಬರಹಗಳಲ್ಲೇ ಇದೆ. ನಾವು ಇಂದು ನೋಡುತ್ತಿರುವುದು ಉಳಿದದ್ದನ್ನು ಮಾತ್ರ. ಹಿಂದಿನವರು ಕಟ್ಟಿದ್ದೆಲ್ಲ ಗಟ್ಟಿ, ಇಂದಿನದೆಲ್ಲ ಜೊಳ್ಳು ಎಂಬ ತೀರ್ಮಾನ ಸಲ್ಲದು.

ಈಗ ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಬೂದಿ ಉಗುಳುವ ಜ್ವಾಲಾಮುಖಿಯಿಲ್ಲ. ಆದರೆ ಬೂದಿ ಸಿಗದ ಕಡೆ ಏನು ಮಾಡಬೇಕೆಂಬುದನ್ನು ರೋಮಿನ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸನೇ ಹೇಳಿದ್ದಾನೆ: ಹೊಳೆಯ ಮರಳಿಗೆ, ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಜರಡಿಹಿಡಿದ ಪುಡಿಯನ್ನು ಮೂರನೆಯ ಒಂದು ಪಾಲು ಸೇರಿಸಿದರೆ ಗಾರೆ ಉತ್ತಮವಾಗುತ್ತದೆ. ಈ ಪುಡಿ ಯಾವುದೆಂದು ನಮ್ಮ ಹಿರಿಯ ಗೌಂಡಿಗಳನ್ನು ಕೇಳಿ. "ಸುರ್ಕಿ" ಎಂದು ಥಟ್ಟನೆ ಹೇಳುತ್ತಾರೆ. ಜ್ವಾಲಾಮುಖಿ ಮಾಡುವ ಕೆಲಸವನ್ನೇ ಇಟ್ಟಿಗೆಯ ಭಟ್ಟಿ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಹದವಾಗಿ ಸುಟ್ಟ ಜೇಡಿಮಣ್ಣು ಸುಣ್ಣದೊಡನೆ ಕೂಡಿ ನೀರಿನಲ್ಲೂ ಗಟ್ಟಿಯಾಗುತ್ತದೆ. ಮೇಲಾಗಿ, ನಮ್ಮ ಎರೆಭೂಮಿಯಲ್ಲಿ ಸಿಗುವ ಸುಣ್ಣದ ಹರಳುಗಳಲ್ಲಿ ಜೇಡಿಯ ಅಂಶ ಮೊದಲೇ ಬೆರೆತಿರುವುದರಿಂದ, ಅವುಗಳನ್ನು ಸುಟ್ಟು ಪಡೆದ ಸುಣ್ಣಕ್ಕೆ ಈ ಗುಣ ಒಂದಿಷ್ಟು ಹುಟ್ಟಿನಿಂದಲೇ ಇರುತ್ತದೆ.

ಸುಣ್ಣ, ಮರಳು, ಸುರ್ಕಿಗಳನ್ನು ಎತ್ತು ತಿರುಗಿಸುವ ಗಾಣದ ಕಲ್ಲಿನಡಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಹದಗೊಳಿಸಿದ ಗಾರೆಗೆ ನಮ್ಮ ಕಡೆ ಗಚ್ಚು ಎನ್ನುತ್ತಾರೆ. ಮಸ್ಕಿಯ ಗಚ್ಚಿನ ಮಠದ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ಹೊಳೆಯಾಚೆ ಹಂಪೆಗೆ ಹೋದರೆ ಕಮಲ ಮಹಲಿನ ಕಮಾನುಗಳಲ್ಲಿ, ಗಜಶಾಲೆಯ ಗುಮ್ಮಟಗಳಲ್ಲಿ, ಗೋಪುರಗಳ ಇಟ್ಟಿಗೆ ಕೆಲಸದಲ್ಲಿ ಇದೇ ಸುಣ್ಣದ ಕೈವಾಡವನ್ನು ಕಾಣಬಹುದು. 1565ರ ನಂತರ ಹಾಳುಬಿದ್ದು, ಶತಮಾನಗಳ ಬಿಸಿಲು ಮಳೆಗೆ ಮೈಯೊಡ್ಡಿದ ಮೇಲೂ ಅಲ್ಲಲ್ಲಿ ಗಾರೆಯ ಹೂಬಳ್ಳಿಗಳು ಗೋಡೆಗೆ ಅಂಟಿಕೊಂಡೇ ಇವೆ.

ಇದು ಕೇವಲ ಅರಸರ ಕಾಲದ ಮಾತೆಂದು ತಿಳಿಯಬೇಡಿ. 1911ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ನಮ್ಮ ದೇಶದಲ್ಲಿ ಸಿಮೆಂಟಿನ ಕೈಗಾರಿಕೆ ಇನ್ನೂ ನೆಲೆಯೂರಿರಲಿಲ್ಲ. ನೂರಮೂವತ್ತು ಅಡಿ ಎತ್ತರದ ಆ ಕಟ್ಟೆಯನ್ನು ಕಲ್ಲು ಮತ್ತು ಸುಣ್ಣ-ಸುರ್ಕಿಯ ಗಾರೆಯಿಂದಲೇ ಎಬ್ಬಿಸಲಾಯಿತು. ಇನ್ನು ನಮ್ಮ ತುಂಗಭದ್ರೆ. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದು, ಹೈದರಾಬಾದು ಮತ್ತು ಮದ್ರಾಸು ಎರಡೂ ಕಡೆಯವರು ದುಡಿದು, 1953ರ ಹೊತ್ತಿಗೆ ನಿಂತ ಈ ಕಟ್ಟೆಯೂ ಸುರ್ಕಿ ಸೇರಿದ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ್ದು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಆ ಗೋಡೆ ಏಳು ದಶಕಗಳಿಂದ ಹೊಳೆಯ ಭಾರವನ್ನು ತಡೆದು ನಿಂತಿದೆ.

2024ರ ಆಗಸ್ಟ್ 10ರ ರಾತ್ರಿ ಏನಾಯಿತೆಂಬುದು ನಿಮಗೆ ನೆನಪಿರಬಹುದು. ಜಲಾಶಯ ತುಂಬಿದ್ದಾಗ ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲೇ ಹೊಳೆಯ ಪಾಲಾಯಿತು. ನಾಲ್ಕು ಜಿಲ್ಲೆಯ ರೈತರು ಉಸಿರು ಬಿಗಿಹಿಡಿದು ಕುಳಿತರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಲಾಯಿತು. ಆಮೇಲೆ ತಜ್ಞರು ಮೂವತ್ತಮೂರು ಬಾಗಿಲುಗಳನ್ನೂ ಬದಲಿಸಬೇಕೆಂದು ಸಲಹೆ ಕೊಟ್ಟರು. ಇಲ್ಲಿ ಗಮನಿಸಬೇಕಾದ ಸಂಗತಿ ಇದು: ಸೋತದ್ದು ಕಬ್ಬಿಣ, ಕಲ್ಲು ಗಾರೆಯ ಗೋಡೆಯಲ್ಲ. ಒಂದೇ ಕಟ್ಟಡದಲ್ಲಿ ಒಂದೊಂದು ವಸ್ತುವಿನ ಆಯುಷ್ಯ ಒಂದೊಂದು ತೆರ. ಅದನ್ನರಿತು ಆಯಾ ಭಾಗವನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದೇ ಬಾಳಿಕೆಯ ನಿಜವಾದ ಗುಟ್ಟು.

ಗಾರೆಯಾದರೂ ಅಮೃತ ಕುಡಿದು ಬಂದದ್ದಲ್ಲ. 1895ರಲ್ಲಿ ಮುಗಿದ ಕೇರಳದ ಮುಲ್ಲಪೆರಿಯಾರ್ ಕಟ್ಟೆಯೂ ಸುಣ್ಣ-ಸುರ್ಕಿಯದೇ. ಜಿನುಗುವ ನೀರಿನೊಡನೆ ಸುಣ್ಣ ಕರಗಿ ಹೋಗುವುದು ಕಂಡು, ಅದರ ಒಡಲಿಗೆ ಸಿಮೆಂಟಿನ ಹಾಲು ಇಳಿಸಬೇಕಾಯಿತು. 1979ರ ನಂತರ ಉಕ್ಕಿನ ಹುರಿಗಳಿಂದಲೂ ಕಾಂಕ್ರೀಟಿನ ಒತ್ತುಗೋಡೆಯಿಂದಲೂ ಬಲಪಡಿಸಬೇಕಾಯಿತು.

ಸಿಮೆಂಟಿನ ಉಪಕಾರವನ್ನೂ ಮರೆಯಬಾರದು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ ಮೇಲೆ ಕಟ್ಟಡದ ರೀತಿಯೇ ಬದಲಾಯಿತು. ಗಾರೆ ತಿಂಗಳುಗಳಲ್ಲಿ ಗಳಿಸುವ ಬಲವನ್ನು ಸಿಮೆಂಟು ನಾಲ್ಕು ವಾರಗಳಲ್ಲಿ ಗಳಿಸುತ್ತದೆ. ಉದ್ದದ ಸೇತುವೆ, ಎತ್ತರದ ಕಟ್ಟಡ, ಬಡವನಿಗೂ ಎಟುಕುವ ಚಪ್ಪಟೆ ಛಾವಣಿ ಇವೆಲ್ಲ ಸಿಮೆಂಟು ಮತ್ತು ಉಕ್ಕಿನ ಜೋಡಿಯಿಂದ ಬಂದವು. ಹೊಸ ಕಟ್ಟಡಕ್ಕೆ ಅದು ಒಪ್ಪುತ್ತದೆ. ಹಳೆಯ ಗೋಡೆಗೆ ಅದನ್ನು ಮೆತ್ತಿದಾಗ ಮಾತ್ರ ಕೇಡು.

ಈಗ ಪಡಸಾಲೆಯ ಗೋಡೆಗೆ ಮರಳೋಣ. ಮಣ್ಣು ಸುಣ್ಣಗಳ ಗೋಡೆ ಉಸಿರಾಡುವ ಗೋಡೆ. ನೆಲದಿಂದ ತೇವ ಏರುತ್ತದೆ. ಸುಣ್ಣದ ಗಿಲಾವಿನ ಸಣ್ಣ ರಂಧ್ರಗಳಿಂದ ಹಬೆಯಾಗಿ ಹೊರಹೋಗುತ್ತದೆ. ಅದರೊಡನೆ ಬಂದ ಉಪ್ಪು ಗಿಲಾವಿನ ಮೇಲೆ ಕೂತು, ಗಿಲಾವು ಕೆಲವು ವರ್ಷಕ್ಕೊಮ್ಮೆ ಉದುರುತ್ತದೆ. ಉದುರುವುದು ಗಿಲಾವಿನ ದೋಷವಲ್ಲ, ಅದರ ಕೆಲಸ. ತಾನು ಸವೆದು ಗೋಡೆಯನ್ನು ಕಾಯುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಗೋಡೆಯ ಬಾಯಿ ಕಟ್ಟಿದಂತೆ. ತೇವ ಹೊರಗೆ ಬರಲಾರದೆ ಒಳಗೇ ಮೇಲೇರುತ್ತದೆ. ಉಪ್ಪು ಮೆತ್ತಿಗೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ಇನ್ನೊಂದು ಸಂಗತಿ: ಎರೆಮಣ್ಣಿನ ನೆಲ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಅದರ ಮೇಲಿನ ಮನೆ ವರ್ಷಕ್ಕೊಮ್ಮೆ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಸುಣ್ಣದ ಗಾರೆ ಆ ಅಲುಗಾಟಕ್ಕೆ ಸ್ವಲ್ಪ ಬಾಗುತ್ತದೆ. ಸಣ್ಣ ಬಿರುಕನ್ನು ತಾನೇ ಕೂಡಿಕೊಳ್ಳಲೂ ಬಲ್ಲದು. ಬಿಗಿಯಾದ ಸಿಮೆಂಟು ಬಾಗದೆ ಸೀಳುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ನೀರಿನ ಮೂಲ ಹುಡುಕಿ. ಮಾಳಿಗೆಯ ದೋಣಿಯ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೇ, ಬಚ್ಚಲ ನೀರು ಅಲ್ಲೇ ನಿಲ್ಲುತ್ತಿದೆಯೇ ನೋಡಿ, ಅದನ್ನು ದೂರ ಸಾಗಿಸಿ. ಅರ್ಧ ರೋಗ ಇದರಿಂದಲೇ ಹೋಗುತ್ತದೆ. ಸಡಿಲಾದ ಸಿಮೆಂಟನ್ನು ಮೆಲ್ಲಗೆ ತೆಗೆಸಿ, ಗೋಡೆ ಆರಲು ಬಿಡಿ. ಚೆನ್ನಾಗಿ ಅರಳಿ, ಸೋಸಿ, ನೀರಿನಡಿ ವಾರಗಟ್ಟಲೆ ಕೊಳೆಹಾಕಿದ ಸುಣ್ಣ ಒಂದು ಪಾಲಿಗೆ ಶುದ್ಧ ಮರಳು ಮೂರು ಪಾಲು ಸೇರಿಸಿ ಅರೆಸಿ. ತೇವ ಹೆಚ್ಚಿರುವ ಬುಡದ ಭಾಗಕ್ಕೆ ಮರಳಿನಲ್ಲಿ ಒಂದು ಪಾಲು ಸುರ್ಕಿಯಾಗಿರಲಿ. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಒಂದರ ಮೇಲೊಂದು ಪದರ ಹಚ್ಚಿಸಿ. ಒಂದು ಪದರ ಗಟ್ಟಿಯಾಗುವ ಮೊದಲು ಇನ್ನೊಂದು ಬೇಡ. ಬಿಸಿಲು ನೇರವಾಗಿ ಬೀಳದಂತೆ ಒದ್ದೆ ಗೋಣಿತಟ್ಟು ಇಳಿಬಿಡಿ. ಕೊನೆಗೆ ಬಣ್ಣದ ಬದಲು ಸುಣ್ಣವನ್ನೇ ಬಳಿಯಿರಿ. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಿ. ಕುದಿಯುವ ಸುಣ್ಣದ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ಗೋಡೆಯೇ ವಾಲಿದ್ದರೆ, ತೊಲೆ ಬಾಗಿದ್ದರೆ ಮಾತ್ರ ಗಿಲಾವಿನ ಮಾತು ಬಿಟ್ಟು ತಿಳಿದ ಇಂಜಿನಿಯರನ್ನು ಕರೆಸಿ.

ಹಳೆಯ ವಿದ್ಯೆ ಹೊಸ ರೂಪದಲ್ಲಿ ಹಿಂದಿರುಗುತ್ತಿರುವುದೂ ಉಂಟು. ಮನುಷ್ಯನು ಗಾಳಿಗೆ ಬಿಡುವ ಇಂಗಾಲಾಮ್ಲ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದ ಬರುತ್ತದೆ. ಇದನ್ನು ತಗ್ಗಿಸಲು ಸಿಮೆಂಟಿನ ದೊಡ್ಡ ಭಾಗಕ್ಕೆ ಬದಲಾಗಿ ಸುಟ್ಟ ಜೇಡಿಮಣ್ಣನ್ನೂ ಸುಣ್ಣದ ಕಲ್ಲಿನ ಪುಡಿಯನ್ನೂ ಬೆರೆಸುವ ಬಗೆಯನ್ನು ಸ್ವಿಟ್ಜರ್ಲೆಂಡ್ ಮತ್ತು ನಮ್ಮ ದೇಶದ ವಿಜ್ಞಾನಿಗಳು ಕೂಡಿ ರೂಪಿಸಿದ್ದಾರೆ. ಅಂಥ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕವೂ ಪ್ರಕಟವಾಯಿತು. ಸುಟ್ಟ ಜೇಡಿಯ ಪುಡಿಗೆ ಯಾವ ಹೆಸರಿಟ್ಟರೂ ನಮ್ಮ ಗೌಂಡಿಗೆ ಅದು ಸುರ್ಕಿಯೇ.

ಆದುದರಿಂದ ಮುಂದಿನ ಸಲ ಗೌಂಡಿ ನಿಮ್ಮ ಹಳೆಯ ಗೋಡೆಯನ್ನು ಕೆರೆದು ನೋಡಿ ಎರಡು ಚೀಲ ಸಿಮೆಂಟು ಕೇಳಿದಾಗ ಒಂದು ಕ್ಷಣ ತಡೆಯಿರಿ. "ಗಚ್ಚು ಅರೆಯಾಕ ಬರತೈತೇನಪ್ಪಾ?" ಎಂದು ಕೇಳಿ. ಅವನಿಗೆ ಬಾರದಿದ್ದರೆ ಅವನ ತಂದೆಗೆ ಬರುತ್ತಿರಬಹುದು. ಆ ಮುದುಕನನ್ನು ಕರೆಸಿ, ಕಟ್ಟೆಯ ಮೇಲೆ ಕೂರಿಸಿ, ಮಗನ ಕೈಯಿಂದ ಕೆಲಸ ಮಾಡಿಸಿ. ಕೆಲಸ ಒಂದು ದಿನದಲ್ಲಿ ಮುಗಿಯಲಿಕ್ಕಿಲ್ಲ, ಒಂದು ತಿಂಗಳೇ ಹಿಡಿಯಬಹುದು. ಆದರೆ ಗೋಡೆಯೂ ಉಳಿದೀತು, ವಿದ್ಯೆಯೂ ಒಂದು ತಲೆಮಾರು ಮುಂದೆ ಸಾಗೀತು.